ಮಳೆಗಾಲದಲ್ಲಿ ಕರೆಂಟ್ ಹೋದರೂ ಇಂಡಕ್ಷನ್ ಒಲೆ: ಬ್ಯಾಟರಿ, ಇನ್ವರ್ಟರ್ ಆರಿಸಿ ಕೂರಿಸುವ ಬಗೆ

ಮಳೆ ಹಿಡಿದುಕೊಂಡಿತು ಎಂದರೆ ಈ ಪ್ರಶ್ನೆ ಶುರು. ಮೂಡಿಗೆರೆ, ಕಳಸ, ಕೊಟ್ಟಿಗೆಹಾರ, ಸಕಲೇಶಪುರ, ಎಲ್ಲ ಕಡೆಯಿಂದಲೂ ಒಂದೇ ಮಾತು: "ಮನೇಲಿ ಇನ್ವರ್ಟರ್ ಇದೆ. ಅದರ ಮೇಲೆ ಇಂಡಕ್ಷನ್ ಒಲೆ ಇಟ್ಟರೆ ನಡೆಯುತ್ತಾ?"

ನಡೆಯೋದಿಲ್ಲ. ಲೈಟು, ಫ್ಯಾನು, ಟಿವಿಗೆ ಎಂದು ತಂದ ಇನ್ವರ್ಟರ್ ಒಲೆಯ ಭಾರ ಹೊರುವುದಿಲ್ಲ. ಒಂದೋ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ, ಇಲ್ಲ ಬ್ಯಾಟರಿಯನ್ನು ಕೊಲ್ಲುತ್ತದೆ. ಅಡುಗೆಗೆ ಬೇರೆಯದೇ ಲೆಕ್ಕ ಬೇಕು. ಆ ಲೆಕ್ಕ ಕಷ್ಟವಲ್ಲ, ಆದರೆ ಅಂಗಡಿಯಲ್ಲಿ ಅದನ್ನು ಕೂತು ಹೇಳಿಕೊಡುವವರು ಕಡಿಮೆ.

ಗ್ಯಾಸ್ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಸಿಲಿಂಡರ್ ಸಲೀಸಾಗಿ ಸಿಗುವ ಊರಲ್ಲಿ ಇದ್ದೀರಿ ಎಂದರೆ ಇಷ್ಟೆಲ್ಲ ಖರ್ಚು ಮಾಡುವ ಅಗತ್ಯವೇ ಇಲ್ಲ. ಮರ ಬಿದ್ದು ರಸ್ತೆ ಬಂದ್ ಆಗುವ, ಸಿಲಿಂಡರ್ ಗಾಡಿ ವಾರಗಟ್ಟಲೆ ಬಾರದ, ಸೌದೆಯೆಲ್ಲ ಹಸಿಯಾಗುವ ಎಸ್ಟೇಟ್ ಮನೆಗಳಿಗೆ, ಹೋಂಸ್ಟೇಗಳಿಗೆ ಇದು ಕೆಲಸಕ್ಕೆ ಬರುತ್ತದೆ. ಈ ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡವರು ಅಂದರೆ ಸಮುದ್ರದಲ್ಲಿ ದೋಣಿಯ ಮೇಲೆಯೇ ವಾಸ ಮಾಡುವ ಜನ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಅವರಲ್ಲಿ ಹಲವರು ಬ್ಯಾಟರಿ ಮತ್ತು ಇಂಡಕ್ಷನ್‌ಗೆ ಬದಲಾದರು. ನಡುನೀರಿನ ದೋಣಿಗೂ ಜುಲೈ ತಿಂಗಳ ಎಸ್ಟೇಟ್ ಮನೆಗೂ ಈ ವಿಷಯದಲ್ಲಿ ಅಂಥ ವ್ಯತ್ಯಾಸ ಇಲ್ಲ.

ಶುರು ಮಾಡುವ ಮುಂಚೆ ಮೂರು ಪದ ತಿಳಿದಿರಲಿ. ವ್ಯಾಟ್ ಎಂದರೆ ಉಪಕರಣ ಆ ಕ್ಷಣದಲ್ಲಿ ಎಷ್ಟು ಎಳೆಯುತ್ತದೆ ಎಂಬುದು. ಯೂನಿಟ್ ಎಂದರೆ ಒಟ್ಟು ಖರ್ಚು: 1000 ವ್ಯಾಟ್‌ನ ಒಲೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ಆಂಪಿಯರ್ ಎಂದರೆ ವೈರಿನೊಳಗೆ ಹರಿಯುವ ಕರೆಂಟಿನ ಪ್ರಮಾಣ. ವ್ಯಾಟನ್ನು ವೋಲ್ಟ್‌ನಿಂದ, ಅಂದರೆ ಕರೆಂಟನ್ನು ತಳ್ಳುವ ಒತ್ತಡದ ಅಳತೆಯಿಂದ, ಭಾಗಿಸಿದರೆ ಸಿಗುತ್ತದೆ. ವೈರು ಬಿಸಿಯಾಗುವುದು, ಸಾಕೆಟ್ ಸುಡುವುದು ಎಲ್ಲ ಈ ಆಂಪಿಯರ್‌ನಿಂದ. ಎಲ್ಲರೂ ಬ್ಯಾಟರಿಯ ಮೇಲೆ ಬರೆದ ಎಎಚ್ (ಆಂಪಿಯರ್-ಅವರ್, ಎಷ್ಟು ಆಂಪಿಯರ್ ಎಷ್ಟು ಗಂಟೆ ಸಿಗುತ್ತದೆ ಎಂಬ ಅಳತೆ) ನೋಡಿ ತರುತ್ತಾರೆ. ಅಡುಗೆಗೆ ಮೊದಲು ನೋಡಬೇಕಾದ್ದು ಆಂಪಿಯರ್.

1. ನಿಮ್ಮ ಅಡುಗೆಗೆ ದಿನಕ್ಕೆ ಎಷ್ಟು ಯೂನಿಟ್ ಬೇಕು?

ಸುಲಭದ ದಾರಿ ಇದೆ. ನಿಮ್ಮ ಮನೆಯಲ್ಲಿ 14.2 ಕೆಜಿ ಸಿಲಿಂಡರ್ ಎಷ್ಟು ದಿನ ಬರುತ್ತದೆ ನೋಡಿ. 130ನ್ನು ಆ ದಿನಗಳಿಂದ ಭಾಗಿಸಿ. 40 ದಿನ ಬಂದರೆ ಸುಮಾರು ಮೂರೂಕಾಲು ಯೂನಿಟ್, 30 ದಿನವೇ ಬಂದರೆ ನಾಲ್ಕಕ್ಕೂ ಜಾಸ್ತಿ. ಈ 130 ಎಲ್ಲಿಂದ ಬಂತು ಅಂತೀರಾ? ಒಂದು ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಇಂಡಕ್ಷನ್‌ನಲ್ಲಿ ಹಾಗೆ ಪೋಲಾಗುವುದು ಕಡಿಮೆ. ಎರಡನ್ನೂ ಸೇರಿಸಿ ನೋಡಿದರೆ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಹೆಚ್ಚುಕಡಿಮೆ 120ರಿಂದ 145 ಯೂನಿಟ್ ಬೇಕಾಗುತ್ತದೆ.

ಇನ್ನೊಂದು ಅಳತೆಗೋಲು: ಒಂದು ಲೀಟರ್ ನೀರು ಕುದಿಯಲು ಸುಮಾರು 0.1 ಯೂನಿಟ್. ಕಾಫಿ ಡಿಕಾಕ್ಷನ್, ಹಾಲು, ಅನ್ನ, ಸಾರು ಎಲ್ಲವನ್ನೂ ಇದರಿಂದ ಅಂದಾಜು ಮಾಡಬಹುದು.

ಸ್ನಾನದ ನೀರನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಒಂದು ಬಕೆಟ್ ನೀರು ಹದವಾಗಿ ಕಾಯಲು ಅರ್ಧ ಯೂನಿಟ್ ಹತ್ತಿರ ಹೋಗುತ್ತದೆ. ನಾಲ್ಕು ಜನ ಸ್ನಾನ ಮಾಡಿದರೆ ಎರಡು ಹೊತ್ತಿನ ಅಡುಗೆಯ ಕರೆಂಟು ಬಚ್ಚಲಿಗೇ ಹೋಯಿತು. ಹಂಡೆ ಒಲೆ ಇದೆ ಅಲ್ವಾ, ಅದು ಅಲ್ಲೇ ಇರಲಿ.

2. ಒಲೆ ಮತ್ತು ಪಾತ್ರೆ

ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಇಂಡಕ್ಷನ್‌ಗೆ ಆಗುತ್ತದೆ. ಅಲ್ಯೂಮಿನಿಯಂ ತಪ್ಪಲೆ, ತಾಮ್ರ, ಹಿತ್ತಾಳೆ ಆಗುವುದಿಲ್ಲ. ಕಡುಬು ಬೇಯಿಸುವ ಹಳೇ ಅಲ್ಯೂಮಿನಿಯಂ ಪಾತ್ರೆಯನ್ನು ಎತ್ತಿಡಬೇಕಾಗುತ್ತದೆ, ಬೇಜಾರಾದರೂ. ಕುಕ್ಕರ್ ಕೊಳ್ಳುವಾಗ ಇಂಡಕ್ಷನ್ ತಳದ್ದು ಎಂದು ಕೇಳಿ ತನ್ನಿ. ಯಾವ ಪಾತ್ರೆಯಾದರೂ ನಡೆಯುತ್ತದೆ ಎಂದು ಮಾರುವ ಇನ್‌ಫ್ರಾರೆಡ್ ಒಲೆಗಳೂ ಇವೆ. ಅವು ಮೊದಲು ಗಾಜನ್ನು ಕಾಯಿಸಿ ಆಮೇಲೆ ಪಾತ್ರೆ ಕಾಯಿಸುತ್ತವೆ. ಬ್ಯಾಟರಿ ಮೇಲೆ ಅಡುಗೆ ಮಾಡುವವರಿಗೆ ಅದು ಬೇಡ.

ಅಕ್ಕಿ ರೊಟ್ಟಿಗೆ ಎರಕದ ಕಬ್ಬಿಣದ ಕಾವಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ತಳ ಸಪಾಟಾಗಿರಬೇಕು ಅಷ್ಟೆ. ಕಾವಲಿಯನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ. ಒಮ್ಮೆಗೇ ಜೋರು ಇಟ್ಟರೆ ನಡುಭಾಗ ಸೀದು, ಅಂಚು ಹಸಿ ಉಳಿಯುತ್ತದೆ. ಗಾಜಿನ ಮೇಲೆ ಕಾವಲಿಯನ್ನು ಎಳೆದಾಡಬೇಡಿ, ಗೀರು ಬೀಳುತ್ತದೆ.

ಹಾಸನದ ಕಡೆಯವರಿಗೆ ಮುದ್ದೆಯ ವಿಷಯದಲ್ಲಿ ಎಚ್ಚರಿಕೆ. ಎಸರು ಕುದಿಸಿ, ಹಿಟ್ಟು ಹಾಕಿ ಬೇಯಿಸುವವರೆಗೂ ಇಂಡಕ್ಷನ್ ಸರಿ. ಕೋಲು ಹಾಕಿ ತಿರುವಲು ಮಾತ್ರ ಪಾತ್ರೆಯನ್ನು ನೆಲಕ್ಕೆ ಇಳಿಸಿಕೊಳ್ಳಿ. ಕವೆಗೋಲಿನಲ್ಲಿ ಒತ್ತಿ ಹಿಡಿದು ಹಿಟ್ಟು ತಿರುವುವಾಗ ಬೀಳುವ ಭಾರವನ್ನು ಒಲೆಯ ಗಾಜು ತಡೆಯುವುದಿಲ್ಲ. ಗಾಜು ಬಿರುಕು ಬಿಟ್ಟ ಒಲೆಯನ್ನು ಮತ್ತೆ ಬಳಸಬೇಡಿ. ಬಿರುಕಿನಿಂದ ನೀರು ಒಳಗೆ ಇಳಿದರೆ ಶಾಕ್ ಹೊಡೆಯುತ್ತದೆ.

ಒಲೆ ಎಷ್ಟು ವ್ಯಾಟ್ ಇರಬೇಕು? 2000 ವ್ಯಾಟ್‌ನದ್ದು ಬೇಗ ಆಗುತ್ತದೆ ನಿಜ. ಆದರೆ 1200ರಿಂದ 1400 ವ್ಯಾಟ್‌ನ ಒಲೆ ತಂದರೆ ಇನ್ವರ್ಟರ್, ವೈರು ಎಲ್ಲಕ್ಕೂ ಹಗುರ. ಐದು ನಿಮಿಷ ತಡವಾದರೆ ಏನೂ ಮುಳುಗಿಹೋಗುವುದಿಲ್ಲ. ಇಲ್ಲೊಂದು ಮೋಸವೂ ಇದೆ. ಅಗ್ಗದ ಎಷ್ಟೋ ಒಲೆಗಳಲ್ಲಿ 400 ವ್ಯಾಟ್ ಎಂದು ಇಟ್ಟರೆ ನಿಜಕ್ಕೂ 400 ಎಳೆಯುವುದಿಲ್ಲ. ಸಾವಿರಕ್ಕೂ ಜಾಸ್ತಿ ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತದೆ. ಹಾಗಾಗಿ "ಸಣ್ಣ ಉರಿಯಲ್ಲಿ ಇಟ್ಕೊತೀನಿ, ಸಣ್ಣ ಇನ್ವರ್ಟರ್ ಸಾಕು" ಎಂಬ ಲೆಕ್ಕ ಕೈಕೊಡುತ್ತದೆ.

ಅನ್ನ, ಬೇಳೆಗೆ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ನನ್ನ ಮೆಚ್ಚಿನದು. ಸುಮಾರು 1000 ವ್ಯಾಟ್, ಹೊರಮೈಗೆ ಶಾಖ ತಡೆಯುವ ಹೊದಿಕೆ ಇರುತ್ತದೆ. ಒತ್ತಡ ಏರಿದ ಮೇಲೆ ಆಗಾಗ ಮಾತ್ರ ಕರೆಂಟ್ ತೆಗೆದುಕೊಳ್ಳುತ್ತದೆ. ಹಣ ಕಡಿಮೆ ಇದ್ದರೆ ಇದೊಂದನ್ನೇ ನಡೆಸುವಷ್ಟು ವ್ಯವಸ್ಥೆ ಮಾಡಿಕೊಂಡು, ಉಳಿದದ್ದನ್ನು ಗ್ಯಾಸ್‌ನಲ್ಲಿ ಮಾಡಿಕೊಳ್ಳಿ.

3. ಇನ್ವರ್ಟರ್: 12 ವೋಲ್ಟ್ ಬೇಡ

ಇನ್ವರ್ಟರ್ ಮೇಲೆ 900 ವಿಎ ಎಂದು ಬರೆದಿದ್ದರೆ 900 ವ್ಯಾಟ್ ಅಲ್ಲ. ಸಾಮಾನ್ಯವಾಗಿ ಅದರ ಶೇ 80ರಷ್ಟು, ಅಂದರೆ 720 ವ್ಯಾಟ್. ಒಂದು ಇಂಡಕ್ಷನ್ ಒಲೆಗೆ ಕಡಿಮೆ ಎಂದರೆ 3 ಕೆವಿಎ (3000 ವಿಎ) ಇಟ್ಟುಕೊಳ್ಳಿ. ಒಲೆ ಉರಿಯುವಾಗಲೇ ಮಿಕ್ಸಿ, ಫ್ರಿಜ್ಜು ಎಲ್ಲವೂ ಓಡಬೇಕು ಎಂದರೆ 5 ಕೆವಿಎ. ಬಾವಿ ಮೋಟಾರನ್ನು ಇದಕ್ಕೆ ಜೋಡಿಸುವ ಆಸೆ ಬಿಡಿ. ಮೋಟಾರ್ ಶುರುವಾಗುವ ಕ್ಷಣದಲ್ಲಿ ತನ್ನ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ.

ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆಗಿರಲೇಬೇಕು. ಲೈನಿನಲ್ಲಿ ಬರುವಂಥ ನಯವಾದ ಅಲೆಯ ಕರೆಂಟ್ ಕೊಡುವುದು ಇದು. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಇಂಡಕ್ಷನ್ ಗುಯ್ ಎನ್ನುತ್ತದೆ, ಎರರ್ ತೋರಿಸುತ್ತದೆ, ಕೊನೆಗೆ ಅದರ ಬೋರ್ಡೇ ಹೋಗುತ್ತದೆ.

ಈಗ ಮುಖ್ಯ ವಿಷಯ. 2000 ವ್ಯಾಟ್‌ನ ಒಲೆಗೆ, ನಷ್ಟವೂ ಸೇರಿ, 12 ವೋಲ್ಟ್ ಬ್ಯಾಟರಿಯಿಂದ ಸುಮಾರು 185 ಆಂಪಿಯರ್ ಹರಿಯಬೇಕು. 48 ವೋಲ್ಟ್ ಆದರೆ 46 ಆಂಪಿಯರ್ ಸಾಕು. ಎರಡಕ್ಕೂ 16 ಸ್ಕ್ವೇರ್ ಎಂಎಂ (ವೈರಿನ ದಪ್ಪದ ಅಳತೆ) ಇರುವ ಎರಡೆರಡು ಮೀಟರ್ ವೈರು, ಹೋಗಲು ಒಂದು ಬರಲು ಒಂದು, ಹಾಕಿದೆವು ಎನ್ನಿ. 48 ವೋಲ್ಟ್‌ನಲ್ಲಿ ಆ ವೈರಿನಲ್ಲಿ ಶಾಖವಾಗಿ ಪೋಲಾಗುವುದು 9 ವ್ಯಾಟ್ ಹತ್ತಿರ. 12 ವೋಲ್ಟ್‌ನಲ್ಲಿ ಅದೇ ವೈರಿನಲ್ಲಿ 150 ವ್ಯಾಟ್. ವೈರಿನ ಹೊದಿಕೆ ಮೆತ್ತಗಾಗಿ ವಾಸನೆ ಬರುವುದು ಇದರಿಂದಲೇ. ಆಂಪಿಯರ್ ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟು. ಅಡುಗೆಗೆ ಎಂದರೆ 48 ವೋಲ್ಟ್ ವ್ಯವಸ್ಥೆಯನ್ನೇ ಕೇಳಿ. ಎಲೆಕ್ಟ್ರಿಕ್ ಕುಕ್ಕರ್ ಒಂದಕ್ಕೇ ಆದರೆ 24 ವೋಲ್ಟ್ ನಡೆದೀತು.

4. ಬ್ಯಾಟರಿ

ಮನೆಯ ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ತುಂಬುವ ಮಾಮೂಲಿ ಸೀಸ-ಆಸಿಡ್ ಬ್ಯಾಟರಿ ಮೇಲೆ 150 ಎಎಚ್ ಎಂದು ಇರುತ್ತದೆ. ಅದರ ಅರ್ಥ 7.5 ಆಂಪಿಯರ್‌ನಂತೆ ನಿಧಾನವಾಗಿ 20 ಗಂಟೆ ಎಳೆದರೆ ಅಷ್ಟು ಸಿಗುತ್ತದೆ ಎಂದು. ಒಲೆ ಇಟ್ಟು 150 ಆಂಪಿಯರ್ ಎಳೆದರೆ ಅದರ ಅರ್ಧ ಸಿಕ್ಕರೇ ಹೆಚ್ಚು. ಅನ್ನ ಬೇಯುವುದರೊಳಗೆ ಲೋ ಬ್ಯಾಟರಿ ಎಂದು ನಿಲ್ಲುವುದು ಇದಕ್ಕೇ. ಬ್ಯಾಟರಿ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ, ಅದು ಕೆಟ್ಟಿಲ್ಲ.

ಅಡುಗೆಗೆ ನನ್ನ ಸಲಹೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿ. ಒಮ್ಮೆಗೇ ಜಾಸ್ತಿ ಕರೆಂಟ್ ಕೊಡುತ್ತದೆ, ಶೇ 80–90ರಷ್ಟು ಖಾಲಿ ಮಾಡಿದರೂ ಹಾಳಾಗುವುದಿಲ್ಲ, ನೀರು ತುಂಬುವ ಕೆಲಸವಿಲ್ಲ. 51.2 ವೋಲ್ಟ್, 100 ಎಎಚ್‌ನ ಒಂದು ಪೆಟ್ಟಿಗೆಯಲ್ಲಿ 5.12 ಯೂನಿಟ್ ಇರುತ್ತದೆ. ನಷ್ಟ ಕಳೆದು ಕೈಗೆ ಸಿಗುವುದು ಸುಮಾರು ನಾಲ್ಕು. ನಾಲ್ಕು ಜನರ ಮನೆಗೆ ಒಂದು ದಿನದ ಅಡುಗೆ, ರಾತ್ರಿಯ ಲೈಟು.

ಕೊಳ್ಳುವಾಗ ಬಿಎಂಎಸ್ ಎಷ್ಟು ಆಂಪಿಯರ್‌ನದ್ದು ಎಂದು ಕೇಳಿ. ಬಿಎಂಎಸ್ ಎಂದರೆ ಬ್ಯಾಟರಿಯೊಳಗೆ ಕಾವಲು ಕಾಯುವ ಸರ್ಕ್ಯೂಟ್. ಅದು 50 ಆಂಪಿಯರ್‌ನದ್ದಾದರೆ 2000 ವ್ಯಾಟ್‌ನ ಒಲೆ ಜೊತೆ ಮಿಕ್ಸಿ ಹಾಕಿದ ಕೂಡಲೇ ಎಲ್ಲ ಬಂದ್. 100 ಆಂಪಿಯರ್‌ನದ್ದು ಇರಲಿ. ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಎಂದೂ ನೋಡಿ. ಟ್ಯೂಬುಲರ್‌ಗೆ ಎಂದು ಇಟ್ಟಿರುವ ಚಾರ್ಜಿಂಗ್ ಲಿಥಿಯಂಗೆ ಒಗ್ಗುವುದಿಲ್ಲ.

ದುಡ್ಡಿಗೆ ಕಷ್ಟ, ಟ್ಯೂಬುಲರ್ ಮಾತ್ರ ಸಾಧ್ಯ ಎಂದರೆ ನಾಲ್ಕು ಬ್ಯಾಟರಿ ಸರಣಿಯಲ್ಲಿ ಜೋಡಿಸಿ 48 ವೋಲ್ಟ್ ಮಾಡಿಕೊಳ್ಳಿ. ನಾಲ್ಕೂ ಹೊಸವೇ ಆಗಿರಲಿ. ಮೂರು ಹೊಸದರ ಜೊತೆ ಮನೆಯಲ್ಲಿದ್ದ ಹಳೆಯದೊಂದನ್ನು ಸೇರಿಸಿದರೆ ಎಲ್ಲವೂ ಹಳೆಯದರ ಮಟ್ಟಕ್ಕೇ ಇಳಿಯುತ್ತವೆ.

5. ಎಲ್ಲಿ ಇಡಬೇಕು

ಬ್ಯಾಟರಿ ಅಡುಗೆಮನೆಯ ಹಬೆಯಿಂದ ದೂರ ಇರಲಿ, ಆದರೆ ಇನ್ವರ್ಟರ್‌ನಿಂದ ಎರಡು ಮೀಟರ್ ಒಳಗೆ. ಮಳೆಗಾಲದಲ್ಲಿ ಒದ್ದೆ ಎಳೆಯುವ ಗೋಡೆಗೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಟ್ಟು ಸ್ಟ್ಯಾಂಡ್ ಮೇಲಿಡಿ. ಮೆಣಸು, ಕಾಫಿ ಮೂಟೆ ಇಡುವ ಅಟ್ಟ ಬೇಡವೇ ಬೇಡ. ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಡಿದ ವೈರು. ಇನ್ವರ್ಟರ್‌ನ ಫ್ಯಾನಿನ ಸಂದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಬೆಚ್ಚಗಿದೆ ಎಂದು ಹಲ್ಲಿ ಒಳಗೆ ಸೇರಿಕೊಂಡು ಸರ್ಕ್ಯೂಟ್ ಬೋರ್ಡ್ ಮೇಲೆ ಸುಟ್ಟು ಅಂಟಿಕೊಂಡಿರುವುದು ಮಲೆನಾಡಿನ ರಿಪೇರಿಯವರಿಗೆ ಹೊಸದಲ್ಲ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಗಾಳಿಯಾಡುವ ಜಾಗವೇ ಬೇಕು.

6. ಬ್ಯಾಟರಿ ಕಡೆಯ ವೈರಿಂಗ್

ಇಲ್ಲಿಂದ ಮುಂದಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ನೀವು ಪಕ್ಕದಲ್ಲಿ ನಿಂತು ಇಷ್ಟನ್ನು ಗಮನಿಸಿ.

48 ವೋಲ್ಟ್, 3 ಕೆವಿಎಗೆ 25 ಸ್ಕ್ವೇರ್ ಎಂಎಂ ತಾಮ್ರದ ವೈರು ಧಾರಾಳ. ಇನ್ವರ್ಟರ್ ಜೊತೆ ಬರುವ ಪುಸ್ತಕದಲ್ಲಿ ಇದಕ್ಕಿಂತ ದಪ್ಪ ಹೇಳಿದ್ದರೆ ಅದನ್ನೇ ಹಾಕಿಸಿ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಡಿಸಿ (ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟ್) ಫ್ಯೂಸ್ ಇರಲೇಬೇಕು. ಮನೆಯ ಬೋರ್ಡಿನ ಮಾಮೂಲಿ ಎಂಸಿಬಿಯನ್ನು (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಟ್ರಿಪ್ ಸ್ವಿಚ್) ಇಲ್ಲಿ ಹಾಕುವವರಿದ್ದಾರೆ. ಅದು ಎಸಿಗೆ, ಅಂದರೆ ಲೈನ್ ಕರೆಂಟಿಗೆ ಮಾಡಿದ್ದು. ಡಿಸಿಯಲ್ಲಿ ಹುಟ್ಟುವ ಕಿಡಿಯನ್ನು ಅದು ಆರಿಸಲಾರದು, ಒಳಗೇ ಉರಿಯುತ್ತದೆ.

ವೈರಿನ ತುದಿಯ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರದಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದ ಲಗ್ ಹೊರಗೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಎಳೆಗಳ ನಡುವೆ ಗಾಳಿ ಉಳಿದಿರುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ಹಸಿರು ಕಿಲುಬು ಹಿಡಿದು ಬಿಸಿಯಾಗತೊಡಗುತ್ತದೆ. ಬಿಗಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿಸಿ. ಬಿಗಿಯುವ ಮುಂಚೆ ಅಲ್ಲ.

ಮೊದಲ ಸಲ ಜೋಡಿಸುವಾಗ ಚಟ್ ಎಂದು ಕಿಡಿ ಹಾರುತ್ತದೆ. ಇನ್ವರ್ಟರ್‌ನ ಕೆಪಾಸಿಟರ್‌ಗಳು (ಕರೆಂಟ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ತಿಳಿದವರು ನಡುವೆ ಒಂದು ರೆಸಿಸ್ಟರ್ ಹಿಡಿದು ಮೊದಲು ನಿಧಾನವಾಗಿ ತುಂಬಿಸಿಕೊಂಡು ಆಮೇಲೆ ಜೋಡಿಸುತ್ತಾರೆ. ಉಂಗುರ, ಕೈಬಳೆ, ಲೋಹದ ವಾಚು ತೆಗೆದಿಟ್ಟು ಕೆಲಸ ಮಾಡಲಿ.

7. ಮನೆ ಕಡೆಯ ವೈರಿಂಗ್

ಒಲೆಗೆ 16 ಆಂಪಿಯರ್‌ನ ಪವರ್ ಸಾಕೆಟ್, ಬೋರ್ಡಿನಿಂದ ನೇರ ಬಂದ 4 ಸ್ಕ್ವೇರ್ ಎಂಎಂ ವೈರು, ತನ್ನದೇ ಎಂಸಿಬಿ. ಲೈಟಿನ ಪಕ್ಕದ ಸಣ್ಣ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಒಲೆ ಚುಚ್ಚಿದರೆ ಪ್ಲಗ್ ಕರಗುತ್ತದೆ.

30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಮೈಮೇಲೆ ಹರಿದು ಸೋರಿದ ಕೂಡಲೇ ಲೈನ್ ಕಡಿಯುವ ಸಾಧನ ಅದು. ಆದರೆ ಎಷ್ಟೋ ಮನೆಗಳಲ್ಲಿ ಲೈನ್ ಕರೆಂಟ್ ಇದ್ದಾಗ ಮಾತ್ರ ಅದು ಕಾಯುತ್ತದೆ, ಇನ್ವರ್ಟರ್ ಮೇಲೆ ಓಡುವಾಗ ಕಾಯುವುದಿಲ್ಲ. ಇನ್ವರ್ಟರ್‌ನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಆಗ ಅರ್ತ್‌ಗೆ (ನೆಲಕ್ಕೆ ಇಳಿಸಿದ ವೈರು) ಸೇರಿರುವುದಿಲ್ಲ, ಅದಕ್ಕೆ. ಟೆಸ್ಟ್ ಬಟನ್ ಒತ್ತಿದರೆ ಆಗಲೂ ಟ್ರಿಪ್ ಆಗುತ್ತದೆ, ಅದನ್ನು ನಂಬಿ ಕೂರಬೇಡಿ. ಲೈನ್ ಆಫ್ ಮಾಡಿ ಇನ್ವರ್ಟರ್ ಓಡಿಸಿ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಹಿಡಿಯಲು ಹೇಳಿ. ಸೊನ್ನೆಯ ಹತ್ತಿರ ಇದ್ದರೆ ಸರಿ. ನೂರು ವೋಲ್ಟ್ ಆಸುಪಾಸು ತೋರಿಸಿದರೆ ಕಂಪನಿಯ ಪುಸ್ತಕ ನೋಡಿ ಸರಿಪಡಿಸದೆ ಎಲೆಕ್ಟ್ರಿಷಿಯನ್‌ನನ್ನು ಕಳಿಸಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಎಸ್‌ಪಿಡಿ ಎಂಬ, ಸಿಡಿಲಿಗೆ ಒಮ್ಮೆಗೇ ನುಗ್ಗುವ ವೋಲ್ಟೇಜ್ (ಸರ್ಜ್) ತಡೆಯುವ ಸಾಧನ ಬೋರ್ಡಿನಲ್ಲಿ ಇರಲಿ. ಅರ್ತ್ ಗುಂಡಿ ಸರಿಯಿಲ್ಲದಿದ್ದರೆ ಅದು ಸುಮ್ನೆ ದಂಡ.

ಜನರೇಟರ್ ಇದ್ದರೆ ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಮ್ಮೆಗೆ ಒಂದನ್ನೇ ಜೋಡಿಸುವುದು) ಮೂಲಕವೇ ಬರಲಿ. ಎರಡು ಕಡೆ ಪ್ಲಗ್ ಇರುವ ವೈರಿನಲ್ಲಿ ಗೋಡೆಯ ಸಾಕೆಟ್‌ಗೆ ಜನರೇಟರ್ ಕೊಡುವ ಅಭ್ಯಾಸ ಇನ್ನೂ ಇದೆ. ಆ ಕರೆಂಟ್ ವಾಪಸ್ ಕಂಬಕ್ಕೆ ಹೋಗುತ್ತದೆ. ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಪ್ರಾಣಕ್ಕೇ ಬರುತ್ತದೆ.

8. ಚಾರ್ಜಿಂಗ್: ಸೋಲಾರ್ ಮೇಲೆ ಎಷ್ಟು ಭರವಸೆ ಇಡಬಹುದು

ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಆ ಸರಾಸರಿಯನ್ನು ನೋಡಿ ಮೋಸ ಹೋಗಬೇಡಿ. ನಿಮಗೆ ಬೇಕಾದ್ದು ಜುಲೈನಲ್ಲಿ. ಆಗ ಕೊಟ್ಟಿಗೆಹಾರದಂಥ ಕಡೆ ಒಂದು ಯೂನಿಟ್ ಬಂದರೂ ಪುಣ್ಯ. ಸಿಲ್ವರ್ ಓಕ್ ನೆರಳು ಬಿದ್ದರೆ ಅದೂ ಇಲ್ಲ. ಮಳೆಗಾಲಕ್ಕೆ ಎಂದೇ ಸೋಲಾರ್ ಹಾಕಿಸುವುದಾದರೆ ಬೇಡ ಎನ್ನುತ್ತೇನೆ. ವರ್ಷವಿಡೀ ಬಳಸಲು ಆದರೆ ಒಳ್ಳೆಯದೇ.

ಇನ್ನೊಂದು ದೊಡ್ಡ ಗೊಂದಲ: 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಲೈನಿಗೆ ಜೋಡಿಸುವ ಸೋಲಾರ್‌ಗೆ. ಬ್ಯಾಟರಿಯಿಲ್ಲದ ಅಂಥ ಮಾಮೂಲಿ ವ್ಯವಸ್ಥೆ ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಬಿಸಿಲು ಎಷ್ಟೇ ಇರಲಿ. ಲೈನ್‌ಮನ್ ಸುರಕ್ಷತೆಗಾಗಿ ಹಾಗೆ ಮಾಡಿರುವುದು. ಕರೆಂಟ್ ಹೋದಾಗಲೂ ನಡೆಯಬೇಕು ಎಂದರೆ ಬ್ಯಾಟರಿ ಜೋಡಿಸುವ ಹೈಬ್ರಿಡ್ ಇನ್ವರ್ಟರ್ ಬೇಕು. ಕೊಳ್ಳುವ ಮುಂಚೆಯೇ ಕೇಳಿ.

ಹಾಗಾದರೆ ಮಳೆಗಾಲದಲ್ಲಿ ಚಾರ್ಜ್ ಎಲ್ಲಿಂದ? ಲೈನ್ ಬಂದ ಅಷ್ಟು ಹೊತ್ತಿನಲ್ಲೇ ಬೇಗ ಬೇಗ ತುಂಬಿಸಿಕೊಳ್ಳಬೇಕು. 48 ವೋಲ್ಟ್‌ನಲ್ಲಿ 30 ಆಂಪಿಯರ್ ಚಾರ್ಜರ್ ಇದ್ದರೆ ಗಂಟೆಗೆ ಒಂದೂವರೆ ಯೂನಿಟ್ ತುಂಬುತ್ತದೆ. ಮೂರು ಗಂಟೆ ಕರೆಂಟ್ ಬಂದರೆ ಮರುದಿನದ ಅಡುಗೆಗೆ ಚಿಂತೆಯಿಲ್ಲ. ಇಲ್ಲೊಂದು ಸ್ವಿಚ್ ನೋಡಿಕೊಳ್ಳಿ. ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದ್ದರೆ ಲೈನ್ ವೋಲ್ಟೇಜ್ 180ಕ್ಕಿಂತ ಇಳಿದಾಗ ಅದನ್ನು ಕರೆಂಟ್ ಎಂದೇ ಲೆಕ್ಕಕ್ಕೆ ಇಡುವುದಿಲ್ಲ. ತೋಟದ ತುದಿಯ ಮನೆಗಳಲ್ಲಿ 160, 170 ಬರುವುದು ಮಾಮೂಲಿ. ಮನೆಯ ಲೈಟೆಲ್ಲ ಮಂಕಾಗಿ ಉರಿಯುತ್ತಿರುತ್ತವೆ, ಬ್ಯಾಟರಿ ಮಾತ್ರ ಖಾಲಿಯಾಗುತ್ತಿರುತ್ತದೆ. ವೈಡ್ ಅಥವಾ ಇಕೋ ಮೋಡ್‌ಗೆ ಹಾಕಿದರೆ ಆ ಕಡಿಮೆ ವೋಲ್ಟೇಜ್‌ನಲ್ಲೂ ಚಾರ್ಜ್ ಆಗುತ್ತದೆ.

ಗೃಹಜ್ಯೋತಿಯವರು ಒಂದು ಲೆಕ್ಕ ಮಾಡಿಕೊಳ್ಳಿ. ದಿನಕ್ಕೆ ಮೂರು ಯೂನಿಟ್ ಎಂದರೆ ತಿಂಗಳಿಗೆ 90. ಒಟ್ಟು 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಒಲೆಯಿಂದ ಮಂಜೂರಾದ ಲೋಡ್ ಮೀರುವುದಾದರೆ ಚಿಕ್ಕಮಗಳೂರಿನವರು ಮೆಸ್ಕಾಂಗೆ, ಹಾಸನದವರು ಸೆಸ್ಕ್‌ಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು.

9. ಮೊದಲ ಅಡುಗೆ

ಬ್ಯಾಟರಿ ಪೂರ್ತಿ ತುಂಬಿಸಿ. ಮೇನ್ ಆಫ್ ಮಾಡಿ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅರ್ಧ ಗಂಟೆ ಜೋರು ಉರಿಯಲ್ಲಿ ಓಡಿಸಿ. ಆಮೇಲೆ ಎಲ್ಲ ಆಫ್ ಮಾಡಿ ಲಗ್, ಫ್ಯೂಸ್, ಪ್ಲಗ್ ಒಂದೊಂದನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳಿಡಲು ಆಗದಷ್ಟು ಬಿಸಿ ಇದ್ದರೆ ಅಲ್ಲಿ ಸಡಿಲ ಇದೆ ಎಂದೇ ಅರ್ಥ. ಆ ಜಾಗವನ್ನು ಮತ್ತೆ ಬಿಗಿಸಿ, ಮತ್ತೆ ಅರ್ಧ ಗಂಟೆ ಓಡಿಸಿ.

ಕರೆಂಟ್ ಇಲ್ಲದ ರಾತ್ರಿ ದೊಡ್ಡ ಇನ್ವರ್ಟರನ್ನು ಆನ್ ಇಟ್ಟು ಮಲಗಬೇಡಿ. ಏನೂ ಓಡದಿದ್ದರೂ ಅದು ತನಗೆಂದೇ 30ರಿಂದ 60 ವ್ಯಾಟ್ ತಿನ್ನುತ್ತದೆ. 50 ಎಂದುಕೊಂಡರೂ ರಾತ್ರಿಯ ಹತ್ತು ಗಂಟೆಗೆ ಅರ್ಧ ಯೂನಿಟ್, ಬೆಳಗಿನ ಕಾಫಿ ತಿಂಡಿಯ ಪಾಲು ಅಷ್ಟೇ ಹೋಯಿತು. ರಾತ್ರಿ ಲೈಟಿಗೆ ಹಳೇ ಸಣ್ಣ ಇನ್ವರ್ಟರನ್ನೇ ಇಟ್ಟುಕೊಳ್ಳಿ.

ಮೇ ಕೊನೆಯಲ್ಲಿ ಒಮ್ಮೆ ಎಲ್ಲ ನಟ್ಟು ಬಿಗಿಸಿ, ಫ್ಯಾನಿನ ಜಾಲರಿ ಕೊಡವಿ, ಟ್ಯೂಬುಲರ್ ಆದರೆ ಡಿಸ್ಟಿಲ್ಡ್ ನೀರಿನ ಮಟ್ಟ ನೋಡಿ. ಲಿಥಿಯಂ ಬ್ಯಾಟರಿಯನ್ನು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಳಸದೆ ಬಿಡುವುದಾದರೆ ಅರ್ಧದಷ್ಟು ಚಾರ್ಜ್‌ನಲ್ಲಿ ಇಟ್ಟು, ಇನ್ವರ್ಟರ್‌ನಿಂದ ಬೇರ್ಪಡಿಸಿ ಇಡಿ.